ಕೊಂಡ ಬೆಲೆಗೆ ಮಾರಿದ ನಿಪ್ಪಲ್

ಈ ಬರಹದಲ್ಲಿ ಭಾಷೆಯ ತಪ್ಪುಗಳು ಕಂಡುಬಂದರೆ ಓದುಗರು ಕ್ಷಮಿಸಬೇಕೆಂದು ಮೊದಲಿಗೇ ಕೇಳಿಕೊಳ್ಳುತ್ತೇನೆ. ನಿಜಾಮರ ರಾಜ್ಯದಲ್ಲಿ ನನ್ನ ಪದವಿಯ ಓದು ಸಂಪೂರ್ಣವಾಗಿ ಉರ್ದುವಿನಲ್ಲಿ ನಡೆಯಿತು. ಕನ್ನಡವನ್ನು ಶುದ್ಧವಾಗಿ ಬರೆಯಲು ಕಲಿತದ್ದು ಆಮೇಲೆ, ಸ್ವಂತ ಪ್ರಯತ್ನದಿಂದ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು ಯಾರೂ ಇರಲಿಲ್ಲವಾದ್ದರಿಂದ, ತಿದ್ದಿ ಹೇಳುವವರೂ ಇರಲಿಲ್ಲ. ಅಂದು ನಡೆದ ಹೊಡೆದಾಟವನ್ನು ನಾನು ಇದ್ದುದಕ್ಕಿಂತ ಸೌಮ್ಯವಾಗಿ ಬರೆದಿದ್ದರೆ, ಅದನ್ನೂ ನನ್ನ ಕೊರತೆಯೆಂದೇ ಎಣಿಸಬೇಕು.

ಎರಡನೆಯ ಮಹಾಯುದ್ಧದ ನಡುವಿನ ವರ್ಷಗಳು. ಅಫಜಲಪುರದ ಪೇಟೆಯಲ್ಲಿ ನಮ್ಮ ಅಣ್ಣನ ರಿಪೇರಿ ಅಂಗಡಿ ಇತ್ತು. ನಮ್ಮ ತಂದೆ ಹಿತ್ತಾಳೆ ಕೊಡಗಳಿಗೆ ಬೆಸುಗೆ ಹಾಕುತ್ತಿದ್ದರು. ಅಣ್ಣ ಅದೇ ಬೆಸುಗೆ ಕೋಲಿನಿಂದ ಗ್ಯಾಸ್ ಬತ್ತಿ, ಹೊಲಿಗೆ ಯಂತ್ರ ಮತ್ತು ಗಾಳಿ ಹಾಕುವ ಸ್ಟೋವ್‌ಗಳ ಕೆಲಸಕ್ಕೆ ಬಂದಿದ್ದ. ನಾನು ಬಿ.ಎ. ಮುಗಿಸಿ ಸರಕಾರಿ ಗುಮಾಸ್ತಿಕೆಗೆ ಅರ್ಜಿ ಹಾಕಿಕೊಂಡು, ಉತ್ತರ ಬರುವವರೆಗೆ ಅಂಗಡಿಯಲ್ಲಿ ಅವನ ಜೊತೆ ಕುಳಿತಿದ್ದೆ. ಗಿರಾಕಿಗಳ ಜೊತೆ ಮಾತು, ಸೊಲ್ಲಾಪುರದಿಂದ ಸಾಮಾನು ತರುವುದು, ರಿಪೇರಿಯಾದುದನ್ನು ಹಳ್ಳಿಗಳಿಗೆ ತಲುಪಿಸುವುದು ನನ್ನ ಪಾಲಿನ ಕೆಲಸಗಳು.

ಸ್ಟೋವಿನ ಬರ್ನರಿನ ನಡುವೆ ಹಿತ್ತಾಳೆಯ ಒಂದು ಸಣ್ಣ ತಿರುಪು ಇರುತ್ತದೆ. ಅದನ್ನು ನಾವು ನಿಪ್ಪಲ್ ಎನ್ನುತ್ತಿದ್ದೆವು. ಗಾತ್ರ ಕಡಲೆಕಾಳಿನಷ್ಟು, ನಡುವೆ ಕೂದಲೆಳೆಯಂಥ ತೂತು. ಕಾದ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಆವಿಯಾಗಿ ಆ ತೂತಿನಿಂದ ರಭಸವಾಗಿ ಹೊರಟಾಗ ಮಾತ್ರ ನೀಲಿ ಜ್ವಾಲೆ ಹತ್ತುತ್ತದೆ. ತೂತು ಕಟ್ಟಿದಾಗಲೆಲ್ಲ ಮನೆಯವರು ಪಿನ್ನು ಚುಚ್ಚುತ್ತಾರೆ. ಹೀಗೆ ಚುಚ್ಚಿ ಚುಚ್ಚಿ ಕಾಲಾಂತರದಲ್ಲಿ ಅದು ಅಗಲವಾಗುತ್ತದೆ. ಅಗಲವಾದ ಮೇಲೆ ಜ್ವಾಲೆ ಹಳದಿಯಾಗಿ ಹೊಗೆಯಾಡುತ್ತದೆ. ಉರಿ ಸಾಲದೆಂದು ಇನ್ನಷ್ಟು ಗಾಳಿ ಹಾಕಿದರೆ ಆವಿಯ ಬದಲು ಎಣ್ಣೆಯೇ ಚಿಮ್ಮಿ ಹೊತ್ತಿಕೊಳ್ಳುತ್ತದೆ. ಆಗ ನಿಪ್ಪಲನ್ನು ಬದಲಿಸಲೇಬೇಕು, ಬೇರೆ ಉಪಾಯವಿಲ್ಲ.

ಯುದ್ಧ ಬಿಗಿಯಾಗುವ ಮೊದಲು ಸೊಲ್ಲಾಪುರದಲ್ಲಿ ಅಂಗಡಿ ಮುಚ್ಚುತ್ತಿದ್ದ ಒಬ್ಬ ವ್ಯಾಪಾರಿಯಿಂದ ಅಣ್ಣ ಒಂದು ಡಬ್ಬಿ ನಿಪ್ಪಲ್‌ಗಳನ್ನು ಕೊಂಡಿದ್ದ. ಕರೋಡಗೀರಿ ನಾಕೆಯಲ್ಲಿ ಸುಂಕ ಕಟ್ಟಿದ ಮೇಲೆ ಒಂದಕ್ಕೆ ಆರಾಣೆ ಬಿದ್ದಿತ್ತು. ವಿಲಾಯಿತಿ ಮಾಲು ಬರುವುದು ನಿಂತ ಮೇಲೆ ಜೇವರ್ಗಿಯ ಪೇಟೆಯಲ್ಲಿ ಅದೇ ನಿಪ್ಪಲ್ಲಿಗೆ ಎರಡು ರೂಪಾಯಿ ಆಯಿತು. ಅಣ್ಣ ಮಾತ್ರ ಆರಾಣೆಗೇ ಹಾಕಿಕೊಡುತ್ತಿದ್ದ. ಅದರ ಮೇಲೆ ಮಜೂರಿ ಬೇರೆ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿದವನಾದ್ದರಿಂದ ಅವನೊಡನೆ ವಾದಿಸಿದೆ. ಪೇಟೆಯ ದರಕ್ಕಿಂತ ಇಷ್ಟು ಕೆಳಗೆ ಮಾರಿದರೆ ಸಾಮಾನು ಬೇಕಾದವರ ಕೈಯಲ್ಲಿ ಉಳಿಯುವುದಿಲ್ಲ, ಮರುಮಾರಾಟಕ್ಕೆ ಹೋಗುತ್ತದೆ ಎಂದು ವಿವರಿಸಿದೆ.

ಅಣ್ಣ ಅರ ಉಜ್ಜುವುದನ್ನು ನಿಲ್ಲಿಸದೆ ಹೇಳಿದ: “ನಿನ್ನ ಲೆಕ್ಕ ಖರೇ ಇರಬಹುದು. ಆದ್ರ ನಾ ಮಾರೋದು ನನ್ನ ಕೂಲಿ, ತಮ್ಮಾ, ಸಾಮಾನಲ್ಲ. ಆರಾಣೆಕ್ಕ ಕೊಂಡಿದ್ದಕ್ಕ ಎರಡು ರೂಪಾಯಿ ತಗೊಂಡ್ರ ಆ ಮ್ಯಾಲಿನದು ಯಾವ ಕೆಲಸಕ್ಕ ಅಂತ ಕೇಳ್ತಾರ. ಏನ್ ಹೇಳ್ಲಿ? ಜರ್ಮನಿಯವ ಬಾಂಬ್ ಹಾಕ್ಯಾನ, ಅದಕ್ಕ ಅಂತ ಹೇಳ್ಲೇನು?”

ನಾನು ಹೇಳಿದಂತೆಯೇ ಆಗತೊಡಗಿತ್ತು. ಭೀಮಾ ನದಿಯ ಆಚೆಯಿಂದಲೂ ಜನ ಸ್ಟೋವ್ ಹೊತ್ತು ಬರುತ್ತಿದ್ದರು. ಕೆಲವರದು ಚೆನ್ನಾಗಿಯೇ ಉರಿಯುತ್ತಿತ್ತು; ಅವರಿಗೆ ಬೇಕಾದದ್ದು ಅಗ್ಗದ ನಿಪ್ಪಲ್ ಮಾತ್ರ. ಇದನ್ನು ಕಂಡು ಅಣ್ಣ ಬಿಡಿಯಾಗಿ ನಿಪ್ಪಲ್ ಕೊಡುವುದನ್ನು ನಿಲ್ಲಿಸಿದ. ತಾನೇ ಕೂಡಿಸಿದರೆ ಮಾತ್ರ ಎಂದ. ತಾನು ಹಾಕಿದ್ದೆಂದು ತಿಳಿಯಲು, ಕೂಡಿಸುವ ಮೊದಲು ಅದರ ಭುಜದ ಮೇಲೆ ಅರದಿಂದ ಒಂದು ಗೀಟು ಎಳೆಯುತ್ತಿದ್ದ. ತೆಗೆದ ಹಳೆಯದನ್ನು ಗಿರಾಕಿಯ ಕೈಯಲ್ಲಿಡುವುದು ನಮ್ಮ ಕಸಬಿನ ಪದ್ಧತಿ. ಬದಲಿಸಿದ್ದು ಖರೆ ಎನ್ನುವುದಕ್ಕೆ ಅದೇ ಗುರುತು. ಹಳೆಯದನ್ನು ನಾವೇ ಇಟ್ಟುಕೊಳ್ಳೋಣ, ಆಗ ಯಾರೂ ಹೊಸದನ್ನು ಬಿಚ್ಚಿ ಮಾರಲಾರರು ಎಂದು ನಾನು ಸೂಚಿಸಿದೆ. ಅವರ ಸಾಮಾನನ್ನು ನಾವು ಇಟ್ಟುಕೊಂಡರೆ ಕಳ್ಳರು ನಾವಾಗುತ್ತೇವೆ ಎಂದು ಅಣ್ಣ ಒಪ್ಪಲಿಲ್ಲ.

ಮಾಗಿಯ ಒಂದು ಸಂತೆಯ ದಿನ ಜೇವರ್ಗಿ ಕಡೆಯ ಒಬ್ಬ ಗೌಡರ ಕಿರಿಯ ಮಗ ಸ್ಟೋವ್ ತಂದ. ಆ ಊರಿನ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಅವನಿಗೆ ಮದುವೆಯಾಗಿ ವರ್ಷವೂ ಆಗಿರಲಿಲ್ಲ. ಹೆಂಡತಿ ನಮ್ಮ ತಾಲ್ಲೂಕಿನ ಮಣ್ಣೂರಿನವಳು, ಸ್ಟೋವ್ ಆಕೆಯ ತವರಿನವರು ಕೊಟ್ಟದ್ದು. ಅಣ್ಣ ಬರ್ನರ್ ಬಿಚ್ಚಿ ನೋಡಿದ. ಇದು ಸುಳ್ಳು ರಿಪೇರಿಯಾಗಿರಲಿಲ್ಲ. ತೂತು ನಿಜವಾಗಿಯೂ ಅಗಲವಾಗಿತ್ತು. ಹೊಸದನ್ನು ಕೂಡಿಸಿ, ಹೊತ್ತಿಸಿ ತೋರಿಸಿ, ಹಳೆಯದನ್ನು ಅವನ ಅಂಗೈಯಲ್ಲಿಟ್ಟ. ಇದನ್ನು ಮತ್ತೆ ಹಾಕಬೇಡಿರಿ, ಎಣ್ಣೆ ಚಿಮ್ಮುತ್ತದೆ ಎಂದೂ ಹೇಳಿದ. ಹುಡುಗ ನಗುತ್ತ, ಇದನ್ನು ಹೆಂಡತಿಯ ಮೂಗಿಗೆ ನತ್ತು ಮಾಡಿಸುತ್ತೇನೆ ಎಂದು ಚೇಷ್ಟೆ ಮಾಡಿ ಹೋದ.

ಅದಾದ ವಾರದೊಳಗೆ ನಾನು ಗ್ಯಾಸ್ ಬತ್ತಿಯೊಂದನ್ನು ತಲುಪಿಸಲು ಚೌಡಾಪುರಕ್ಕೆ ಹೋಗಿದ್ದೆ. ಮರುದಿನ ಬೆಳಗಿನ ಬಸ್ಸಿನಲ್ಲಿ ಹಿಂದಿರುಗಿದಾಗ ಅಂಗಡಿಯ ಬಾಗಿಲು ತೆರೆದೇ ಇತ್ತು. ಅಣ್ಣನ ಒಂದು ಚಪ್ಪಲಿ ಹೊಸ್ತಿಲಲ್ಲಿ, ಇನ್ನೊಂದು ಬೀದಿಯ ನಡುವೆ ಬಿದ್ದಿತ್ತು. ಅತ್ತಿಗೆ ಗೋಡೆಗೊರಗಿ ಕುಳಿತಿದ್ದಳು. ಹಣೆ ಒಡೆದು ನೆತ್ತರು ಕಣ್ಣಿಗಿಳಿದಿತ್ತು.

“ಆ ಗೌಡರ ಮಂದಿ ನಿಮ್ಮಣ್ಣಗ ಗಾಡ್ಯಾಗ ಕಟ್ಟಿ ಒಯ್ದ್ರು, ತಮ್ಮಾ. ಅಡ್ಡ ಹೋದ್ರ ನನ್ನ ದೂಕಿದ್ರು. ಸ್ಟೋವಿನ ಉರಿಗೆ ಅವರ ಸೊಸಿ ಸುಟ್ಟಾಳಂತ. ನಾವು ಕಳ್ಳ ಸಾಮಾನು ಹಾಕೇವಂತ. ನಿಮ್ಮಣ್ಣನ ಸುತ್ತಿಗಿನೂ ಒಯ್ದಾರ,” ಎಂದಳು.

ಸುತ್ತಿಗೆಯನ್ನು ಏಕೆ ಒಯ್ದರೆಂದು ಇಬ್ಬರಿಗೂ ತಿಳಿದಿತ್ತು. ಮನೆಯ ಐದು ಹೊಟ್ಟೆಗಳು ಅಣ್ಣನ ಕೈಯನ್ನು ನಂಬಿದ್ದವು. ಠಾಣೆಗೆ ಓಡಿದರೆ ಅಮೀನ್ ಸಾಹೇಬರು ಗಸ್ತಿಗೆ ಹೋಗಿದ್ದರು. ಪೇಟೆಯವರು ಗೌಡರ ಊರಿಗೆ ಬರಲು ಒಪ್ಪಲಿಲ್ಲ. ನಾನು ರಿಪೇರಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ನದಿಯ ಕಡೆ ನಡೆದೆ. ಚೀಲ ಏಕೆ ಒಯ್ದೆನೋ ಆಗ ತಿಳಿದಿರಲಿಲ್ಲ. ಬರಿಗೈಯಲ್ಲಿ ಹೋಗಲು ಧೈರ್ಯ ಸಾಲಲಿಲ್ಲವೆಂದು ತೋರುತ್ತದೆ. ಹರಿಗೋಲಿನಲ್ಲಿ ಭೀಮೆಯನ್ನು ದಾಟಿ ಆ ಊರು ಮುಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು.

ಗೌಡರ ಮನೆಯ ಅಂಗಳದಲ್ಲಿ ಊರೇ ನೆರೆದಿತ್ತು. ಅಣ್ಣನನ್ನು ದನ ಕಟ್ಟುವ ಗೂಟಕ್ಕೆ ಬಿಗಿದಿದ್ದರು. ಅಂಗಿ ಹರಿದು ಬೆನ್ನಿನ ಮೇಲೆ ಬಾರುಕೋಲಿನ ಬಾಸುಂಡೆಗಳು ಎದ್ದಿದ್ದವು. ಎಡಗೈ ಒರಳುಕಲ್ಲಿನ ಮೇಲಿತ್ತು. ಅದರ ಎರಡು ಬೆರಳುಗಳು ಬೆರಳುಗಳ ಆಕಾರದಲ್ಲಿರಲಿಲ್ಲ. ಪಕ್ಕದಲ್ಲಿ ಅವನದೇ ಸುತ್ತಿಗೆ ಹಿಡಿದು ನಿಂತಿದ್ದವನು ಸೊಸೆಯ ಹಿರಿಯ ಅಣ್ಣ, ಮಣ್ಣೂರಿನಿಂದ ಬಂದವನು. ಅವನ ತಮ್ಮ ಕೊಡಲಿಯನ್ನು ಮೊಳಕಾಲ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಿದ್ದ. ಒಳಗಿನಿಂದ ಸುಣ್ಣದ ತಿಳಿ ಬೆರೆಸಿದ ಅಗಸೆ ಎಣ್ಣೆಯ ವಾಸನೆ ಬರುತ್ತಿತ್ತು. ಸುಟ್ಟ ಗಾಯಕ್ಕೆ ನಮ್ಮ ಕಡೆ ಅದನ್ನೇ ಹಚ್ಚುತ್ತಾರೆ. ಆ ವಾಸನೆಯ ಹಿಂದೆ ಇನ್ನೊಂದು ವಾಸನೆಯೂ ಇತ್ತು.

ಗೌಡರ ಕಿರಿಯ ಮಗ ನನ್ನನ್ನು ಕಂಡೊಡನೆ ಜನರ ಕಡೆ ತಿರುಗಿದ. “ಬಂದ ನೋಡ್ರಿ ಬಿ.ಎ. ಪಾಸಾದವ. ಅಣ್ಣ ಕನ್ನಡದಾಗ ಅತ್ತ, ಇವ ಉರ್ದುದಾಗ ಅಳ್ತಾನ,” ಎಂದ. ಕೆಲವರು ನಕ್ಕರು. ಅವನ ಆಳು ಹಿಂದಿನಿಂದ ಬಂದು ನನ್ನ ಕುತ್ತಿಗೆಗೆ ಹೊಡೆದ. ನಾನು ಮೊಳಕಾಲೂರಿ ಬಿದ್ದೆ. ಎದ್ದಾಗ ಅಣ್ಣನ ಬಲಗೈಯನ್ನು ಒರಳುಕಲ್ಲಿನ ಮೇಲೆ ಎಳೆದಿಡುತ್ತಿದ್ದರು.

ಕೈ ಮುಗಿದು ಒಂದೇ ಒಂದನ್ನು ಬೇಡಿಕೊಂಡೆ. ಹೊಡೆಯುವ ಮೊದಲು ಆ ಸ್ಟೋವನ್ನು ಒಮ್ಮೆ ಬಿಚ್ಚಿ ನೋಡಲು ಬಿಡಿ, ತಪ್ಪು ನಮ್ಮದಾದರೆ ನನ್ನ ಕೈಯನ್ನೂ ಅದರ ಪಕ್ಕದಲ್ಲಿಡುತ್ತೇನೆ ಎಂದೆ. ಗೌಡರ ಮಗ ಬೇಡವೆಂದ. ಅವನು ಬೇಡವೆಂದ ವೇಗವನ್ನು ಮಣ್ಣೂರಿನ ಹಿರಿಯವನು ಗಮನಿಸಿದನೆಂದು ಕಾಣುತ್ತದೆ. “ತರ್ರಿ,” ಎಂದ.

ಸ್ಟೋವ್ ಬಂತು. ಎಣ್ಣೆ ತುಂಬುವ ಟಾಕಿಯ ಒಂದು ಮಗ್ಗುಲು ಕಪ್ಪಾಗಿತ್ತು. ಬರ್ನರಿಗೆ ಸೀರೆಯ ಕರಕಲು ಅಂಟಿಕೊಂಡಿತ್ತು. ತಿರುಪು ಬಿಚ್ಚುವ ಪಾನಾ ಎರಡು ಸಲ ಜಾರಿತು. ಕಾಡಿಗೆ ಕಟ್ಟಿ ತಿರುಪಿನ ಎಳೆ ಹಿಡಿದುಬಿಟ್ಟಿತ್ತು. ಒಂದು ಹನಿ ಚಿಮಣಿ ಎಣ್ಣೆ ಬಿಟ್ಟು ಕಾಯಬೇಕಾಯಿತು. ಒಳಗೆ ಹೆಣ್ಣುಮಗಳು ನರಳುವುದು ಕೇಳುತ್ತಿತ್ತು. ನಿಪ್ಪಲ್ ಸಡಿಲಾಗಿ ಹೊರಬಂತು. ಧೋತರದ ಅಂಚಿನಿಂದ ಒರೆಸಿ ಭುಜವನ್ನು ನೋಡಿದೆ. ಅರದ ಗೀಟು ಇರಲಿಲ್ಲ.

ತಲೆಯೆತ್ತಿದಾಗ ಅಣ್ಣ ನನ್ನನ್ನೇ ನೋಡುತ್ತಿದ್ದ. ಅವನಿಗೆ ಆಗಲೇ ಗೊತ್ತಿತ್ತು. ಬಹಳ ಮೆಲ್ಲಗೆ ತಲೆಯಾಡಿಸಿದ: ಹೇಳಬೇಡ. ಆ ಅಂಗಳದಲ್ಲಿ ಕೊಡಲಿ ಯಾರ ಮೊಳಕಾಲ ಮೇಲಿದೆ, ಸುತ್ತಿಗೆ ಯಾರ ಕೈಯಲ್ಲಿದೆ ಎಂಬುದನ್ನು ಅವನು ನನಗಿಂತ ಮೊದಲು ಲೆಕ್ಕ ಹಾಕಿದ್ದ. ನಾನು ಬಾಯಿ ತೆರೆದರೆ ಗೌಡರ ಮಗನ ಜೀವ ಹೋಗಬಹುದು. ಮುಚ್ಚಿದರೆ ಅವನ ಬಲಗೈ ಹೋಗುವುದು ನಿಶ್ಚಿತ. ಅಣ್ಣನ ಮಾತನ್ನು ನಾನು ಅದುವರೆಗೆ ಮೀರಿದವನಲ್ಲ. ಅಂದು ಮೀರಿದೆ.

“ಇದು ನಾವು ಹಾಕಿದ್ದಲ್ರಿ,” ಎಂದೆ. ಚೀಲದಿಂದ ಸ್ಟೋವಿನ ಪಿನ್ನು ತೆಗೆದು ಹಿರಿಯವನ ಮುಂದೆ ಹಿಡಿದೆ. “ಹೊಸಾದ್ರಾಗ ಈ ತಂತಿ ಬಿಗಿಯಾಗಿ ಹೋಗ್ಬೇಕ್ರಿ. ಇದ್ರಾಗ ನೋಡ್ರಿ, ಅಲುಗಾಡ್ತದ. ಅದರ ಮಗ್ಗಲಾಗ ಇನ್ನೊಂದು ತಂತಿ ಹಿಡಸ್ತದ. ಇದು ನಮ್ಮಣ್ಣ ಬಿಚ್ಚಿ ಇವರ ಕೈಯಾಗ ಕೊಟ್ಟ ಹಳೀದು. ಹೊಸಾದಕ್ಕ ಅರದ ಗೀಟಿತ್ತು.”

ಅವನು ಸುತ್ತಿಗೆಯನ್ನು ಎಡಗೈಗೆ ಬದಲಿಸಿ, ತಂತಿಯನ್ನು ತಾನೇ ತೂತಿಗೆ ಇಳಿಬಿಟ್ಟು ಅಲುಗಿಸಿ ನೋಡಿದ. ಆಮೇಲೆ ತಂಗಿಯ ಗಂಡನ ಕಡೆ ತಿರುಗಿದ. “ಹೊಸಾದು ಎಲ್ಲದ, ಅಳಿಯಾ?”

ಗೌಡರ ಮಗ ಮೊದಲು, ಬಿದ್ದು ಕಳೆದಿರಬೇಕು ಎಂದ. ಆಳು ಬಿಚ್ಚಿರಬೇಕು ಎಂದ. ಆಮೇಲೆ ಈ ಅಂಗಡಿಯವರೇ ಗೀಟಿಲ್ಲದ್ದನ್ನು ಹಾಕಿರಬೇಕು ಎಂದ. ಮೂರು ಮಾತೂ ಮುಗಿಯುವಷ್ಟರಲ್ಲಿ ಒಳಗಿನ ನರಳಾಟ ನಿಂತಿತ್ತು. ಬಾಗಿಲ ಮರೆಯಿಂದ ಒಣಗಿದ ಸಣ್ಣ ದನಿಯೊಂದು ಬಂತು.

“ಜೇವರ್ಗಿಗೆ ಒಯ್ದಾರಣ್ಣಾ. ಬಿಚ್ಚೂ ಮುಂದ ದೀಪ ಹಿಡದಾಕಿ ನಾನಽ.”

ಮುಂದಿನದು ಬಹಳ ಬೇಗ ನಡೆಯಿತು. ಸುತ್ತಿಗೆ ಗೌಡರ ಮಗನ ದವಡೆಗೆ ಬಿತ್ತು. ಅವನು ಬಿದ್ದಲ್ಲಿಯೇ ಮೊಳಕಾಲ ಚಿಪ್ಪಿನ ಮೇಲೆ ಇನ್ನೆರಡು ಏಟು. ಆ ಸದ್ದು ತೆಂಗಿನಕಾಯಿ ಒಡೆಯುವ ಸದ್ದಿನಂತಿರಲಿಲ್ಲ, ಹಸಿ ಕೊಂಬೆ ಮುರಿದಂತಿತ್ತು. ಅಡ್ಡ ಬಂದ ಗೌಡರ ಹೆಗಲಿಗೆ ಮಣ್ಣೂರಿನ ಕಿರಿಯವನು ಕೊಡಲಿಯ ಹಿಂಬದಿಯಿಂದ ಹೊಡೆದ. ಗೌಡರ ಆಳುಗಳು ಬಡಿಗೆಗಳೊಡನೆ ನುಗ್ಗಿದರು. ನನ್ನನ್ನು ಕೆಡವಿದ್ದ ಆಳು ನನ್ನ ಕಣ್ಣೆದುರೇ ಕಿವಿ ಹಿಡಿದುಕೊಂಡು ಕುಸಿದ. ಬೆರಳ ಸಂದಿಯಿಂದ ನೆತ್ತರು ಸುರಿಯುತ್ತಿತ್ತು. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಓಡಿದರು. ಕಣ್ಣಿ ಹರಿದುಕೊಂಡ ಎತ್ತೊಂದು ಜನರ ನಡುವೆ ನುಗ್ಗಿ ಒಬ್ಬನನ್ನು ಗೋಡೆಗೆ ಒತ್ತಿತು. ನಾನು ಅಣ್ಣನ ಹಗ್ಗವನ್ನು ಬಿಚ್ಚಲಾರದೆ ಚೀಲದ ಅರದಿಂದ ಕೊಯ್ದೆ. ಬೆನ್ನಿಗೆ ಎರಡು ಬಡಿಗೆ ಏಟು ಬಿದ್ದವು. ಯಾರು ಹೊಡೆದರೆಂದು ನೋಡಲಿಲ್ಲ.

ಹೊಳೆಯ ದಂಡೆಗೆ ಬಂದು ಹರಿಗೋಲಿನಲ್ಲಿ ಕುಳಿತೆವು. ಅಂಬಿಗ ಇನ್ನೇನು ದೂಡಬೇಕು, ಅಷ್ಟರಲ್ಲಿ ಗಾಡಿಯೊಂದು ಮರಳಿಗಿಳಿಯಿತು. ಮಣ್ಣೂರಿನ ಅಣ್ಣತಮ್ಮಂದಿರು ತಂಗಿಯನ್ನು ಕೌದಿಯಲ್ಲಿ ಎತ್ತಿಕೊಂಡು ಬಂದರು. ಬೇರೆ ಹರಿಗೋಲು ಈಚೆ ದಂಡೆಯಲ್ಲಿರಲಿಲ್ಲ. ಅಣ್ಣ ಸರಿದು ಜಾಗ ಮಾಡಿದ.

ಹೀಗೆ ಬೆರಳು ಮುರಿದವನೂ ಮುರಿಸಿಕೊಂಡವನೂ ಮೊಳಕಾಲಿಗೆ ಮೊಳಕಾಲು ತಾಗಿಸಿಕೊಂಡು ಭೀಮೆಯನ್ನು ದಾಟಿದರು. ನಡುವೆ ಆ ಹೆಣ್ಣುಮಗಳು ಮಲಗಿದ್ದಳು. ಮುಖದ ಅರ್ಧಕ್ಕೆ ಅರಿವೆ ಹೊದಿಸಿದ್ದರು. ಮೊಣಕೈವರೆಗೆ ಹಸಿರು ಬಳೆಗಳು ಚರ್ಮಕ್ಕೆ ಅಂಟಿಕೊಂಡಿದ್ದವು. ನಡು ಹೊಳೆಯಲ್ಲಿ ಹಿರಿಯವನು ಅಣ್ಣನನ್ನು ಕೇಳಿದ.

“ಅದನ್ನ ನೀ ಎಷ್ಟಕ್ಕ ಹಾಕಿದ್ದಿ?”

“ಆರಾಣೆ.”

“ಜೇವರ್ಗ್ಯಾಗ ಎಷ್ಟು ಬರ್ತದ?”

ಎರಡು ರೂಪಾಯಿ ಎಂದು ನಾನು ಹೇಳಿದೆ. ಅವನು ತಂಗಿಯ ಮುಖದ ಮೇಲಿನ ನೊಣ ಓಡಿಸಿದ.

“ನೀನೂ ಎರಡು ರೂಪಾಯಿನಽ ತಗೊಂಡಿದ್ರ ಅವ ಯಾಕ ಬಿಚ್ತಿದ್ದ?” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ; ನಿಜವಾಗಿಯೂ ಕೇಳುತ್ತಿದ್ದ.

ಇದೇ ಮಾತನ್ನು ನಾನು ಪುಸ್ತಕದ ಶಬ್ದಗಳಲ್ಲಿ ಅಣ್ಣನಿಗೆ ಹೇಳಿದ್ದೆ. ಆ ಬಾಯಿಂದ, ಆ ಜಾಗದಲ್ಲಿ ಕೇಳಿದಾಗ ನನಗೆ ಅದು ಸರಿಯೆನಿಸಲಿಲ್ಲ, ತಪ್ಪೆಂದು ತೋರಿಸುವ ವಾದವೂ ಹೊಳೆಯಲಿಲ್ಲ. ಅಣ್ಣ ಮುರಿದ ಕೈಯನ್ನು ಎದೆಗೆ ಹಿಡಿದುಕೊಂಡಿದ್ದ. “ಎರಡು ರೂಪಾಯಿ ಹೇಳಿದ್ರ ಅವ ಹಾಕಿಸ್ತಿದ್ದಿಲ್ಲ,” ಎಂದ. “ಹಳೀದರ ಮ್ಯಾಲೇ ಆಕಿ ಹಚ್ಚತಿದ್ಳು.”

ಆಕೆ ಮಣ್ಣೂರಿನಲ್ಲಿ ತೀರಿಕೊಂಡಳು. ಹಿರಿಯ ಅಣ್ಣನಿಗೆ ಜೈಲಾಯಿತು. ಗೌಡರ ಮಗ ಬದುಕಿದ. ಏಟು ಬಿದ್ದ ಕಾಲನ್ನು ಮತ್ತೆ ಮಡಚಲಾಗಲಿಲ್ಲವೆಂದು ಕೇಳಿದೆ. ಅಮೀನ್ ಸಾಹೇಬರು ನನ್ನ ಹೇಳಿಕೆ ಬರೆಸಿಕೊಂಡರು. ಸಾಕ್ಷಿ ಹೇಳಬಾರದೆಂದು ಗೌಡರ ಕಡೆಯವರು ಪೇಟೆಗೆ ಬಂದು ನಮ್ಮ ಅಂಗಡಿಯ ಬಾಗಿಲನ್ನು ಕೊಡಲಿಯಿಂದ ಸೀಳಿದರು, ಗ್ಯಾಸ್ ಬತ್ತಿಗಳ ಗಾಜುಗಳನ್ನು ಒಂದೊಂದಾಗಿ ಗೋಡೆಗೆ ಬಡಿದರು, ಗಿರಾಕಿಯೊಬ್ಬರ ಹೊಲಿಗೆ ಯಂತ್ರವನ್ನು ಬಾವಿಗೆಸೆದು, ಉಳಿದುದಕ್ಕೆ ಎಣ್ಣೆ ಸುರಿದು ಬೆಂಕಿಯಿಟ್ಟರು. ನಿಪ್ಪಲ್ಲಿನ ಡಬ್ಬಿ ಕರಗಿ ಹಿತ್ತಾಳೆಯ ಒಂದು ಗಟ್ಟಿಯಾಗಿ ಸಿಕ್ಕಿತು. ನಾನು ಸಾಕ್ಷಿ ಹೇಳಿದೆ. ಕಂಡದ್ದನ್ನು ಕಂಡಂತೆ, ಎರಡೂ ಕಡೆಯ ಹೊಡೆತಗಳನ್ನು ಸೇರಿಸಿ ಹೇಳಿದೆ. ಆದ್ದರಿಂದ ಎರಡೂ ಕಡೆಯವರಿಗೂ ಬೇಡವಾದೆ.

ಅಂಗಳದಲ್ಲಿ ನಾನಾಡಿದ ಮಾತು ಸರಿಯೇ ಎಂದು ಆಮೇಲೆ ಅನೇಕ ಸಲ ಯೋಚಿಸಿದ್ದೇನೆ. ಅಣ್ಣ ಆ ಬಗ್ಗೆ ನನ್ನನ್ನು ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಬಲಗೈಯಲ್ಲಿ ಅರ ಹಿಡಿದು ಕೆಲಸಕ್ಕೆ ಕುಳಿತ ದಿನ ಮಾತ್ರ ನನ್ನ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ ಉಜ್ಜತೊಡಗಿದ.

ಕುಟುಂಬದಲ್ಲಿ ಆದ ಬದಲಾವಣೆಗಳನ್ನು ಹೇಳಿ ಮುಗಿಸುತ್ತೇನೆ. ನಾವು ಅಫಜಲಪುರ ಬಿಟ್ಟು ಆಳಂದಕ್ಕೆ ಬಂದೆವು. ಗಿರಾಕಿಗಳ ಸುಟ್ಟುಹೋದ ಸಾಮಾನಿಗೆ ಬದಲು ಕೊಡಲು ಅತ್ತಿಗೆಯ ಬೆಂಡೋಲೆಗಳು ಹೋದವು. ಅಣ್ಣನ ಎಡಗೈಯ ಎರಡು ಬೆರಳುಗಳು ಕಡ್ಡಿಯಂತೆ ಉಳಿದುದರಿಂದ, ರಿಪೇರಿಯ ಸಾಮಾನನ್ನು ಹಿಡಿದುಕೊಳ್ಳಲು ಇನ್ನೊಂದು ಕೈ ಬೇಕಾಯಿತು. ಗುಮಾಸ್ತಿಕೆಯ ಅರ್ಜಿಯನ್ನು ಹಿಂತೆಗೆದುಕೊಂಡು ಆ ಕೈ ನಾನಾದೆ. ಈಗಲೂ ಅದೇ ಕೆಲಸದಲ್ಲಿದ್ದೇನೆ. ಅಂಗಡಿಯಲ್ಲಿ ಬಿಡಿಭಾಗ ಇಡುವುದನ್ನು ನಿಲ್ಲಿಸಿದೆವು. ಗಿರಾಕಿಯೇ ಕೊಂಡು ತರಬೇಕು. ನಾವು ಮಜೂರಿ ಮಾತ್ರ ತೆಗೆದುಕೊಳ್ಳುತ್ತೇವೆ. ಇದರಿಂದ ಗಳಿಕೆ ಅರ್ಧವಾಯಿತು, ಜಗಳ ಕಡಿಮೆಯಾಯಿತು. ನಮ್ಮ ಮನೆಯಲ್ಲಿ ಸ್ಟೋವ್ ಹೊತ್ತಿಸುವ ಕೆಲಸ ಅಂದಿನಿಂದ ಗಂಡಸರದು.